ಎರಡು ಹೆಬ್ಬೆಟ್ಟಿನ ಕೋಮಲಾ

ಹೆಬ್ಬೆಟ್ಟಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ಬಂದ ಕೋಮಲಾಳನ್ನು ಕಂಡು ಅಟೆಂಡರ್ ಗಂಗಹನುಮಯ್ಯ ಮೊದಲು ನೋಡಿದ್ದು ಅದು ಯಾವ ಕೈ ಎಂದು. ಬಲಗೈಯಾಗಿದ್ದರೆ ಹೆಚ್ಚೆಂದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ಎಡಗೈಯೇ ಆಗಬೇಕಿತ್ತೇ, ಅದೂ ಇವತ್ತೇ?

ಕೋಮಲಾ ತುಮಕೂರಿನ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಉದ್ಯೋಗಿ. ನೌಕರಿ ಮಾಡುತ್ತಲೇ ಅಲ್ಲೇ ಓದುವ ಅಪ್ರೆಂಟಿಸ್ ಡಿಗ್ರಿಗೂ ಸೇರಿದ್ದಳು. ಬೆಳಿಗ್ಗೆ ಕೆಳಗಿನ ಮಹಡಿಯಲ್ಲಿ ಮೇಡಂ, ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ವಿದ್ಯಾರ್ಥಿನಿ. ಹಾಜರಿ ಯಂತ್ರ ಮಾತ್ರ ಒಂದು ಹೆಬ್ಬೆಟ್ಟಿಗೆ ಒಬ್ಬರೇ ಎಂದು ಹಟ ಹಿಡಿದಿತ್ತು. ಅದಕ್ಕೇ ನೌಕರಿಗೆ ಬಲಗೈ, ಓದಿಗೆ ಎಡಗೈ ಎಂದು ದಾಖಲು ಮಾಡಿಸಿದ್ದಳು. ಭಾನುವಾರ ಗುಬ್ಬಿಯ ಮನೆಯಲ್ಲಿ ಕಾಯಿ ಸುಲಿಯುವಾಗ ಮಚ್ಚು ಬಿದ್ದದ್ದು ಓದುವ ಬೆರಳಿನ ಮೇಲೆ. ಇವತ್ತು ಹಾಜರಿಯ ಕಡೇ ದಿನ. ಇವತ್ತಿನದೊಂದು ಸಿಕ್ಕರೆ ಕೊನೇ ವರ್ಷದ ಪರೀಕ್ಷೆಗೆ ಕೂರಬಹುದು, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ಮಧ್ಯಾಹ್ನ ಕ್ಲಾಸಿನ ಹೊತ್ತಿಗೆ ಬಟ್ಟೆ ಬಿಚ್ಚಿ ಒತ್ತಿದಳು. ಯಂತ್ರ ತನ್ನ ಇಂಪಾದ ಹೆಣ್ಣು ದನಿಯಲ್ಲಿ 'ಪ್ಲೀಸ್ ಟ್ರೈ ಅಗೇನ್' ಎಂದಿತು. ಒಂಬತ್ತು ಸಲ ಒತ್ತಿದರೂ ಅದೇ ಮಾತು. ಗಂಗಹನುಮಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಅದರ ಗಾಜು ಒರೆಸಿದ, ಊದಿದ, ಯಾರೂ ನೋಡದಿದ್ದಾಗ ಒಮ್ಮೆ ಕೈಯೂ ಮುಗಿದ. ಅದು ಕರಗಲಿಲ್ಲ.

ಸೂಪರಿಂಟೆಂಡೆಂಟ್ ರಾಮಾಂಜಿನಯ್ಯನವರು ಕೆಟ್ಟವರಲ್ಲ, ನಿಯಮ ಬಿಟ್ಟು ಉಸಿರಾಡದವರು. ಬೆಳಿಗ್ಗೆ ಅವರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ, ಬನ್ನಿ ಕೋಮಲಾ ಮೇಡಂ, ಕೂತ್ಕೊಳ್ಳಿ ಎಂದು ಕಾಫಿ ತರಿಸಿದ್ದರು. ಈಗ ಕೂರು ಎನ್ನಲೂ ಇಲ್ಲ.

"ನೋಡಮ್ಮ, ಯಂತ್ರ ಬಂದಿದಾಳೆ ಅಂದ್ರೆ ಬಂದಿದೀಯ, ಇಲ್ಲ ಅಂದ್ರೆ ಇಲ್ಲ."

"ಸಾರ್, ನಿಮ್ಮ ಮುಂದೇನೇ ನಿಂತಿದೀನಲ್ಲ."

"ನಿಂತಿರೋದು ಸ್ಟಾಫು. ವಿದ್ಯಾರ್ಥಿನಿ ಇನ್ನೂ ಬಂದಿಲ್ಲ."

ಕೋಮಲಾಳ ಕಣ್ಣು ತುಂಬಿದ್ದು ಗಂಗಹನುಮಯ್ಯನಿಗೆ ಕಂಡಿತು. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಈ ಕಚೇರಿಯಲ್ಲಿ ಯಾವ ಕಾಗದ ಯಾವತ್ತು ಯಾವ ಬೀರು ಸೇರಿತು ಎಂಬುದು ಅವನಿಗೆ ನೆನಪಿತ್ತು. ನಾಲ್ಕು ವರ್ಷದ ಹಿಂದೆ ಯಂತ್ರ ಬಂದ ದಿನ ಅದು ಅವನ ಬೆರಳನ್ನೂ ಬೇಡವೆಂದಿತ್ತು. ಕುಣಿಗಲ್ ಕಡೆಯ ತನ್ನೂರಿನಲ್ಲಿ ಚಿಕ್ಕಂದಿನಿಂದ ತೆಂಗಿನ ನಾರಿನ ಹಗ್ಗ ಹೊಸೆದು ಹೊಸೆದು ಅವನ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದಿದ್ದವು.

"ನಂಗೆ ಮಾಡಿದ್ರಲ್ಲ ಸ್ವಾಮಿ," ಎಂದ ಮೆಲ್ಲಗೆ. "ಚೀಟಿ ಬರ್ಸಿ, ಪುಸ್ತಕ ಇಕ್ಕಿ."

ರಾಮಾಂಜಿನಯ್ಯ ಬೀರು ತೆಗೆಸಿದರು. ಫೈಲು ಸಿಕ್ಕಿತು, ಫೈಲಿನಲ್ಲಿ ನಿಯಮ ಸಿಕ್ಕಿತು, ಅವರ ಹುಬ್ಬು ಸಡಿಲವಾಯಿತು. ಯಾರ ಬೆರಳನ್ನು ಯಂತ್ರ ಗುರುತಿಸುವುದಿಲ್ಲವೋ ಅವರು ಅರ್ಜಿ ಕೊಡಬೇಕು. ಯಂತ್ರದ ಉಸ್ತುವಾರಿ ಹೊತ್ತ ಸಿಬ್ಬಂದಿ ಬೆರಳನ್ನು ಪರೀಕ್ಷಿಸಿ ದೃಢೀಕರಿಸಬೇಕು. ಆಮೇಲೆ ಹಾಜರಿ ಪುಸ್ತಕದಲ್ಲಿ ರುಜು.

"ಈಗ ಉಸ್ತುವಾರಿ ಯಾರದು?"

"ನಂದೇ ಸಾರ್," ಎಂದಳು ಕೋಮಲಾ.

ರಾಮಾಂಜಿನಯ್ಯ ಫೈಲನ್ನು ಇನ್ನೊಮ್ಮೆ ಓದಿದರು. ಉಸ್ತುವಾರಿಯವರ ಬೆರಳೇ ಕೈಕೊಟ್ಟರೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ. ಮಾಡಬಾರದೆಂದೂ ಇರಲಿಲ್ಲ. ಎಲ್ಲವೂ ತಮ್ಮೆದುರಿಗೇ ಕ್ರಮವಾಗಿ ನಡೆಯಲಿ ಎಂದರು. ಕೋಮಲಾ ಮೇಜಿನ ಈಚೆ ನಿಂತು ಅರ್ಜಿ ಬರೆದು ಮೇಜಿನ ಮೇಲಿಟ್ಟಳು. ಸುತ್ತು ಹಾಕಿ ಆಚೆ ಕುರ್ಚಿಯಲ್ಲಿ ಕೂತು ಅದನ್ನು ತೆಗೆದುಕೊಂಡಳು. ಗಂಭೀರವಾಗಿ ಓದಿದಳು. ಬಲಗೈಯಿಂದ ತನ್ನ ಎಡಗೈ ಹೆಬ್ಬೆಟ್ಟನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ನೋಯ್ತಿದೆಯೇನಮ್ಮ?"

"ಸ್ವಲ್ಪ ನೋಯ್ತದೆ ಮೇಡಂ."

"ನೋಡ್ಕೊಂಡು ಕಾಯಿ ಸುಲೀಬಾರ್ದಾ?"

"ತಪ್ಪಾಯ್ತು ಮೇಡಂ."

ಗಂಗಹನುಮಯ್ಯ ಟವೆಲನ್ನು ಬಾಯಿಗೆ ತುರುಕಿಕೊಂಡ. ಪಕ್ಕದ ಮೇಜಿನ ದಾಕ್ಷಾಯಣಿ ಏನೋ ಬಿದ್ದಿತೆಂದು ಕೆಳಗೆ ಬಗ್ಗಿದವಳು ಏಳಲೇ ಇಲ್ಲ. ರಾಮಾಂಜಿನಯ್ಯ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು, ಆದರೆ ಹೊಟ್ಟೆ ಕುಲುಕುವುದನ್ನು ತಡೆಯಲಾಗಲಿಲ್ಲ. ಕಡೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎಲ್ಲಾ ನಿಯಮದ ಪ್ರಕಾರವೇ ಇದೆ ಎಂದು ಮೊಹರು ಒತ್ತಿದರು. ಕ್ಲಾಸಿಗೆ ಇನ್ನೂ ಹತ್ತು ನಿಮಿಷವಿತ್ತು.

ಗಂಗಹನುಮಯ್ಯ ತನ್ನ ಪುಸ್ತಕ ತಂದ. ನಾಲ್ಕು ವರ್ಷ, ಪುಟದ ಮೇಲೆ ಪುಟ ಒಂದೇ ಹೆಸರು, ಒಂದೇ ರುಜು. ಸೊಟ್ಟಗಿನ ಆರು ಅಕ್ಷರ. ನೌಕರಿ ಕಾಯಂ ಆದ ವರ್ಷ ಒಬ್ಬ ವಾಚ್‌ಮನ್ ಹತ್ತಿರ ಎರಡು ತಿಂಗಳು ತಿದ್ದಿ ಕಲಿತದ್ದು. ಅವನ ಹೆಸರಿನ ಕೆಳಗೆ ಕೋಮಲಾ ತನ್ನ ಹೆಸರು ಬರೆಯುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ.

"ಇಷ್ಟು ವರ್ಷ ಈ ಕ್ಲಾಸಲ್ಲಿ ನಾನೊಬ್ನೇ ಕೂತಿದ್ದೆ ಕಣವ್ವ," ಎಂದ. "ಇಲ್ಲಿಗೆ ನಾನೇ ಮಾನಿಟರು. ಗಲಾಟೆ ಮಾಡಿದ್ರೆ ಹೆಸ್ರು ಬರೀತೀನಿ."

ಕೋಮಲಾ ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು. ಬಾಗಿಲಲ್ಲಿ ತಿರುಗಿ, ನನ್ನ ಹೆಸ್ರು ಬರೆಯೋಕೆ ಬರ್ತದಾ ಗಂಗಣ್ಣ ಎಂದು ನಕ್ಕು, ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು.

ಮೂರು ಗಂಟೆಗೆ ರಾಮಾಂಜಿನಯ್ಯ ಕಾಫಿಗೆ ಕರೆದಾಗ ಗಂಗಹನುಮಯ್ಯನಿಗೆ ಕೇಳಿಸಲಿಲ್ಲ. ಸ್ಟೂಲಿನ ಮೇಲೆ ಬೆನ್ನು ಬಗ್ಗಿಸಿ ಕೂತು, ಪುಸ್ತಕ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಹಳೇ ನೋಟೀಸಿನ ಹಿಂಭಾಗದಲ್ಲಿ, ನಾಲಿಗೆಯನ್ನು ತುಟಿಗೆ ಒತ್ತಿಕೊಂಡು, ಅವನು ಎರಡನೇ ಅಕ್ಷರಕ್ಕೆ ಬಂದಿದ್ದ.