ಲಿಫ್ಟಿನ ಪಕ್ಕದ ಜಾಗ

ಬಿಸ್ಕತ್ತಿನ ಡಬ್ಬಿಯಿಂದ ಆರನೆಯ ಚೀಟಿ ತೆಗೆದು ಬಿಡಿಸಿದಾಗ ವಾರಿಜಾಳಿಗೆ ನಗು ತಡೆಯಲಾಗಲಿಲ್ಲ. ಅದರಲ್ಲೂ ಪೆನಾಂಗ್! ಏಳನೆಯದರಲ್ಲೂ ಪೆನಾಂಗ್. ಜೋಹೋರ್ ಎಂದು ಬರೆದಿದ್ದ ಚೀಟಿ ಉಳಿದದ್ದು ಒಂದೇ ಒಂದು, ರೋಹಾನಿಯವರದು.

ಮಲೇಷ್ಯಾದ ಪೆಟಾಲಿಂಗ್ ಜಯಾದ ಆ ಕಚೇರಿಯಲ್ಲಿ ರಾಜ್ಯ ತಂಡಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಪಂಥ ಹೂಡಿಸಿದವಳು ವಾರಿಜಾಳೇ. ಮಲಯ ಸಹೋದ್ಯೋಗಿಗಳು ಮುಸ್ಲಿಮರು, ದುಡ್ಡಿನ ಬಾಜಿ ಮುಟ್ಟುವವರಲ್ಲ. ಅವರನ್ನು ಬಿಟ್ಟು ಆಡಲು ಉಳಿದವರಿಗೆ ಮನಸ್ಸಿಲ್ಲ. ಹಾಗಾಗಿ ಯಾರೂ ಏನೂ ಕಟ್ಟಬೇಕಾಗಿರಲಿಲ್ಲ. ಬಹುಮಾನವೆಂದರೆ, ರಜೆಯ ಮೇಲೆ ಹೋದ ಮ್ಯಾನೇಜರರ ಪಾರ್ಕಿಂಗ್ ಜಾಗ, ಮೂರು ತಿಂಗಳ ಕಾಲ. ಅದು ಚಾವಣಿಯ ಕೆಳಗೆ, ಲಿಫ್ಟಿನ ಪಕ್ಕದಲ್ಲೇ ಇತ್ತು. ಉಳಿದವರೆಲ್ಲ ಗೇಟಿನಾಚೆಯ ಬಯಲಿನಲ್ಲಿ ಕಾರು ನಿಲ್ಲಿಸಿ, ಬಿಸಿಲಿಗೋ ಮಳೆಗೋ ತಲೆಯೊಡ್ಡಿ ನಡೆದು ಬರಬೇಕು. ಗೆಲ್ಲುವ ತಂಡವನ್ನು ಸರಿಯಾಗಿ ಹೇಳಿದವರಿಗೆ ಜಾಗ. ಹಲವರು ಹೇಳಿದ್ದರೆ ಅವರ ನಡುವೆ ಚೀಟಿ ಎತ್ತುವುದು. ಫೈನಲ್ ಶುರುವಾಗುವ ಮೊದಲು ಒಮ್ಮೆ ಮನಸ್ಸು ಬದಲಾಯಿಸಬಹುದು.

ಎಡ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಿದ್ದ ರೋಹಾನಿ ಊರುಗೋಲು ಹಿಡಿದು ಆ ದೂರ ನಡೆದು ಬರುವುದನ್ನು ಎಲ್ಲರೂ ದಿನವೂ ನೋಡುತ್ತಿದ್ದರು. ಕಚೇರಿಯಲ್ಲಿ ಹಿರಿಯರು ಅವರೇ. ಎಲ್ಲರ ಬಾಯಲ್ಲೂ 'ಕಾಕ್', ಅಂದರೆ ಅಕ್ಕ. ಜಾಗವನ್ನು ಸುಮ್ಮನೆ ಕೊಡಲು ಹೋದ ವಾರಿಜಾಳನ್ನು "ನನಗೊಬ್ಬಳಿಗೆ ಏನು ವಿಶೇಷ? ಗೆದ್ದರೆ ತಗೋತೀನಿ" ಎಂದು ಗದರಿಸಿ ಕಳಿಸಿದ್ದರು. ಪಂಥ ಹುಟ್ಟಿದ್ದು ಆ ಮಾತಿನಿಂದಲೇ. ಆಟದ ಗಂಧಗಾಳಿ ಇಲ್ಲದಿದ್ದರೂ, ತವರೂರು ಎಂಬ ಒಂದೇ ಕಾರಣಕ್ಕೆ ಅವರು ಮೊದಲ ದಿನವೇ ಜೋಹೋರ್ ಎಂದು ಬರೆದರು. ಆಟ ಬಲ್ಲ ಉಳಿದ ಏಳು ಜನರದೂ ಜೋಹೋರೇ ಆಗಿತ್ತು. ಜೋಹೋರ್ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿತು. ಎದುರಾಳಿ ಪೆನಾಂಗ್ ತಂಡದ ಅತಿ ಎತ್ತರದ ಆಟಗಾರ ಕಾಲು ಉಳುಕಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದ.

ಫೈನಲ್ ಇದ್ದ ಆ ಶುಕ್ರವಾರ ಬೆಳಿಗ್ಗೆ ಸಹೋದ್ಯೋಗಿ ಗುರುದತ್ ಪ್ಯಾಂಟ್ರಿಯಲ್ಲಿ ಪಿಸುಗುಟ್ಟಿದ್ದ: "ವಾರಿಜಕ್ಕಾ, ನಂದು ಪೆನಾಂಗ್‌ಗೆ ಚೇಂಜ್ ಮಾಡ್ತಿದೀನಿ. ಯಾರಿಗೂ ಹೇಳ್ಬೇಡಿ. ಕಾಕ್ ಜೊತೆ ಚೀಟಿ ಎತ್ತೋಕೆ ಒಬ್ಬ ಕಮ್ಮಿ ಆಗ್ಲಿ." ಅವನೊಬ್ಬನೇ ಎಂದುಕೊಂಡಿದ್ದಳು ವಾರಿಜಾ. ಈಗ ನೋಡಿದರೆ ಏಳೂ ಜನ ಒಬ್ಬರಿಗೊಬ್ಬರು ಹೇಳದೆ ಅದನ್ನೇ ಮಾಡಿದ್ದಾರೆ! ಇನ್ನು ಚೀಟಿ ಎತ್ತುವ ಮಾತೇ ಇಲ್ಲ. ಜೋಹೋರ್ ಗೆದ್ದರೆ ಸಾಕು.

ಸಂಜೆ ಐದಕ್ಕೆ ಎಲ್ಲರೂ ಪ್ಯಾಂಟ್ರಿಯ ಟಿವಿಯ ಮುಂದೆ ಸೇರಿದರು. ಜೋಹೋರ್ ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಗುರುದತ್ ಮೇಜು ಗುದ್ದಿದ. ಮೇ ಲಿಂಗ್ ಕುರ್ಚಿ ಹತ್ತಿ ನಿಂತಳು. ಯಾರ ಮೇಲೂ ಕೂಗಾಡದ ಪೃಥ್ವಿ ರೆಫರಿಯ ಮೇಲೆ ಕನ್ನಡದಲ್ಲೇ ಕೂಗಾಡಿದ. "ನಿಮ್ಮೆಲ್ಲರದೂ ಜೋಹೋರೇನಾ?" ಎಂದು ರೋಹಾನಿ ಬೆರಗಾಗಿ ಕೇಳಿದರು. "ಯೆಸ್ ಲಾ ಕಾಕ್!" ಎಂದು ಏಳು ಬಾಯಿ ಅಲ್ಲಿನ ಧಾಟಿಯಲ್ಲೇ ಒಟ್ಟಿಗೆ ಸುಳ್ಳು ಹೇಳಿದವು. ವಾರಿಜಾ ಡಬ್ಬಿಯನ್ನು ಎದೆಗವಚಿಕೊಂಡಳು.

ನಾಲ್ಕು ಸೆಕೆಂಡು ಉಳಿದಿದ್ದವು. ಜೋಹೋರ್ ಎರಡು ಅಂಕ ಮುಂದೆ. ಪೆನಾಂಗ್‌ನ ಗಿಡ್ಡನೆಯ ಹುಡುಗನೊಬ್ಬ ಗೆರೆಯಾಚೆಯಿಂದ ಕಣ್ಣು ಮುಚ್ಚಿದವನಂತೆ ಚೆಂಡೆಸೆದ. ಅದು ಬುಟ್ಟಿಯ ಬಳೆಯ ಅಂಚಿಗೆ ತಗುಲಿ ಮೇಲೆದ್ದಿತು. ಒಂಬತ್ತೂ ಜನ ಉಸಿರು ಹಿಡಿದರು. ನಿಧಾನವಾಗಿ ಒಳಗೆ ಬಿತ್ತು. ಮೂರು ಅಂಕ. ಪೆನಾಂಗ್ ಚಾಂಪಿಯನ್.

ಮೇ ಲಿಂಗ್ ಕುರ್ಚಿಯಿಂದ ಇಳಿದಳು. ವಾರಿಜಾ ವಿಧಿಯಿಲ್ಲದೆ ಡಬ್ಬಿ ತೆರೆದು ಓದಿದಳು. "ಗುರುದತ್, ಪೆನಾಂಗ್. ಪೃಥ್ವಿ, ಪೆನಾಂಗ್. ಮೇ ಲಿಂಗ್, ಪೆನಾಂಗ್..." ಒಂದೊಂದು ಹೆಸರಿಗೂ ಒಂದೊಂದು ತಲೆ ತಗ್ಗಿತು. ಗೆದ್ದ ಏಳು ಜನ ಒಬ್ಬರನ್ನೊಬ್ಬರು ಕಳ್ಳರಂತೆ ನೋಡಿಕೊಂಡರು.

"ಪೆನಾಂಗ್ ಅಂತ ಬರೆದು ಜೋಹೋರ್‌ಗೆ ಕೂಗ್ತಿದ್ರಾ?" ಎಂದರು ರೋಹಾನಿ. ಊರುಗೋಲಿನ ಹಿಡಿಯನ್ನೇ ತುಸು ಹೊತ್ತು ನೋಡಿ, "ಸರಿ, ಏಳು ಜನರ ಚೀಟಿ ಎತ್ತು ವಾರಿಜಾ, ರೂಲ್ ಅಂದ್ರೆ ರೂಲ್" ಎಂದರು.

"ನನ್ನ ಹೆಸರು ಬೇಡಪ್ಪಾ, ನಾನು ಸೋಮವಾರದಿಂದ ಟ್ರೇನಲ್ಲಿ ಬರ್ತೀನಿ" ಎಂದ ಗುರುದತ್.

"ನನಗೆ ಬಿಸಿಲು ಬೇಕು, ಡಾಕ್ಟರ್ ಹೇಳಿದಾರೆ" ಎಂದಳು ಮೇ ಲಿಂಗ್. ಉಳಿದವರಿಗೂ ಒಂದೊಂದು ನೆಪ ಸಿಕ್ಕಿತು. ಚೀಟಿ ಎತ್ತಲೇ ಇಲ್ಲ.

ಸೋಮವಾರ ಬೆಳಿಗ್ಗೆ ಮಳೆ ಧೋ ಎಂದು ಸುರಿಯಿತು. ಏಳು ಕಾರುಗಳು ದೂರದ ಬಯಲಿನಲ್ಲಿ ಸಾಲಾಗಿ ನೆನೆಯುತ್ತಿದ್ದವು. ಟ್ರೇನಿನವನ ಕಾರೂ ಅಲ್ಲೇ ಇತ್ತು. ತೊಯ್ದು ತೊಪ್ಪೆಯಾದ ಏಳೂ ಜನ ವಾರಿಜಾಳ ಜೊತೆ ಲಿಫ್ಟಿನ ಮುಂದೆ ನಿಂತಿದ್ದರು. ಲಿಫ್ಟ್ ಬಂತು, ಹೋಯಿತು, ಯಾರೂ ಹತ್ತಲಿಲ್ಲ. ಪಕ್ಕದ ಜಾಗ ನೆನೆಯದೆ ಖಾಲಿ ಬಿದ್ದಿತ್ತು.

ರೋಹಾನಿಯವರ ಪುಟ್ಟ ಕೆಂಪು ಕಾರು ಮೆಲ್ಲಗೆ ಬಂದು ಆ ಜಾಗದ ಎದುರು ನಿಂತಿತು. ವೈಪರ್ ಆಡುತ್ತಲೇ ಇತ್ತು. ವಾರಿಜಾ ಉಸಿರು ಬಿಗಿಹಿಡಿದಳು; ಶುಕ್ರವಾರ ಚೆಂಡು ಬಳೆಯ ಮೇಲೆದ್ದಾಗ ಹಿಡಿದಂತೆಯೇ.

ಕಾರಿನ ಗಾಜು ಇಳಿಯಿತು.

"ಏಳು ಜನ ಗೆದ್ದಿದೀರಿ, ಒಬ್ಬರಿಗೂ ಗಾಡಿ ನಿಲ್ಲಿಸೋಕೆ ಬರಲ್ಲ!" ಎಂದರು ರೋಹಾನಿ. "ಸರೀರಿ ಆ ಕಡೆ. ಹೇಗೆ ಅಂತ ತೋರಿಸ್ತೀನಿ."