ಚಾಕಲೇಟ್ ತಿನ್ನುವ ಇಲಿ

ನನ್ನ ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವರು ರಿಪೇರಿಗೆಂದು ಬಾಲಮಂದಿರದಿಂದ ತಂದಿಟ್ಟಿದ್ದ ಹಾರ್ಮೋನಿಯಂ ತೆರೆದು ನೋಡಿದೆ. ಒಂದು ಕೀ ಅಡಿಯಲ್ಲಿ ಚಾಕಲೇಟ್ ಕಾಗದ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡು, ಹಾರ್ಮೋನಿಯಂ ವಾಪಸ್ ಕೊಡಲು ಹೊರಟೆ. ಅಲ್ಲಿನ ಹುಡುಗಿಯರಿಗೆ ಅವರು ಪ್ರತಿ ಭಾನುವಾರ ಸಂಗೀತ ಹೇಳಿಕೊಡುತ್ತಿದ್ದರು.

ಎರಡು ಜಡೆಯ ಹುಡುಗಿಯೊಬ್ಬಳು ಎಲ್ಲ ಸ್ವರಗಳನ್ನೂ ನುಡಿಸಿ ನೋಡಿದಳು.

“ಕಾಗದ ತುರುಕಿದ್ದು ನೀನೇ ಅಲ್ವಾ?” ಎಂದೆ.

“ಪ್ರತಿ ವಾರ ನಾನೇ ಅಕ್ಕಾ. ಇಲ್ಲಿಗೆ ಬರೋರೆಲ್ಲ ಕೇಕ್ ಕತ್ತರಿಸಿ, ಫೋಟೊ ತೆಗೆಸ್ಕೊಂಡು ಹೋಗಿಬಿಡ್ತಾರೆ. ಸರ್ ಮಾತ್ರ ಇದನ್ನ ವಾಪಸ್ ಕೊಡೋಕಾದ್ರೂ ಬರಲೇಬೇಕಿತ್ತು.”

“ಅವರಿಗೆ ಗೊತ್ತಾಗ್ಲಿಲ್ವಾ?”

“‘ನಿಮ್ಮಲ್ಲಿ ಚಾಕಲೇಟ್ ತಿನ್ನೋ ಇಲಿ ಇದೆ’ ಅಂತಿದ್ರು.” ಅವಳು ತಲೆ ತಗ್ಗಿಸಿದಳು. “ಈಗ ಎಲ್ಲ ಸರಿಹೋಯ್ತು. ನೀವಿನ್ನು ಬರಲ್ಲ, ಅಲ್ವಾ?”

“ನನಗೆ ಹಾಡೋಕೇ ಬರಲ್ಲ ಕಣೇ. ಒಂದು ಲೋಟ ನೀರು ಕೊಡ್ತೀಯಾ?”

ಅವಳು ನೀರು ತರುವಷ್ಟರಲ್ಲಿ ನಾನು ಹಾರ್ಮೋನಿಯಂ ಮುಂದೆ ಕೂತಿದ್ದೆ.

“ಅಯ್ಯೋ, ‘ಪ’ ನುಡೀತಾನೇ ಇಲ್ಲ. ಇಲಿ ಮತ್ತೆ ಬಂದಿರಬೇಕು. ಮನೆಗೆ ತಗೊಂಡ್ಹೋಗಿ, ಭಾನುವಾರ ತಂದುಕೊಡ್ತೀನಿ.”