ದೋಸೆಹಿಟ್ಟಿನ ಪರೀಕ್ಷೆ

ಅಕ್ಕಿಹಿಟ್ಟು, ರವೆ, ಜೀರಿಗೆ, ಉಪ್ಪು, ಹುಳಿಗೆ ಒಣಮಾವಿನ ಪುಡಿ ಬೆರೆಸಿ ಕಮಲಾಕ್ಷಿ ದಿಢೀರ್ ದೋಸೆಹಿಟ್ಟು ಮಾಡಿದ್ದಳು. ಬರೀ ನೀರು ಕಲಸಿ ಹುಯ್ದರೆ ಯಾರ ಕೈಯಲ್ಲಾದರೂ ದೋಸೆ ಏಳಬೇಕು, ಹಾಗಿದ್ದರೆ ಮಾತ್ರ ಪ್ಯಾಕೆಟ್ ಇಟ್ಟುಕೊಳ್ಳುತ್ತೇನೆ ಎಂದಿದ್ದ ಅಂಗಡಿಯವನು. ಪರೀಕ್ಷೆಗೆ ಅವಳಿಗೆ ಸಿಕ್ಕಿದ್ದು ಗಂಡ. ಮದುವೆಯಾದಾಗಿನಿಂದ ಒಂದು ದಿನವೂ ಒಲೆ ಹಚ್ಚಿದವನಲ್ಲ.

"ನನ್ನ ಕೈಲಿ ಆಗುತ್ತೇನೇ?"

"ನಿಮ್ಮ ಕೈಲಾದರೆ ಊರಿಗೆಲ್ಲ ಆಗುತ್ತೆ ರೀ. ನಾನಂತೂ ಎದ್ದು ಬರಲ್ಲ."

ಅವಳು ತಟ್ಟೆ ಮುಂದಿಟ್ಟುಕೊಂಡು ನಡುಮನೆಯಲ್ಲಿ ಕೂತಳು. ಒಳಗೆ ಸೌಟು ಬಿತ್ತು, ಹೊಗೆ ಎದ್ದಿತು, ಅವಳು ಏಳಲಿಲ್ಲ. ಕೊನೆಗೆ ಕಾವಲಿಯಿಂದ ನೇರ ತಟ್ಟೆಗೆ ಬಂದ ದೋಸೆ ಅಂಚೆಲ್ಲ ಗರಿಗರಿ, ಮೈತುಂಬ ಕಣ್ಣು. ಉಪ್ಪು, ಹುಳಿ ಹದವಾಗಿದ್ದವು. ಇನ್ನೊಂದು ಬಂತು, ಮತ್ತೊಂದು ಬಂತು. ಎಲ್ಲರಿಗೂ ಬಡಿಸಿ, ತಣ್ಣಗಾಗಿ ಉಳಿದದ್ದನ್ನು ತಿಂದೇ ರೂಢಿಯಾದವಳಿಗೆ ನಾಲಿಗೆ ಚುರ್ ಎಂದಿತು.

ಗಂಡ ಬೆವರು ಒರೆಸಿಕೊಳ್ಳುತ್ತ ಬಂದ. "ಹೇಗಿದೆಯೇ? ನಾಳೆ ಅಂಗಡಿಗೆ ಕೊಡಬಹುದಾ?"

ಅವಳು ಕೊನೆಯ ತುಂಡು ನುಂಗಿ, "ಏನೋ ಒಂದು ಕಮ್ಮಿ ಅನ್ನಿಸ್ತಿದೆ ರೀ. ನಾಳೆನೂ ಒಂದ್ಸಲ ನೀವೇ ಮಾಡಿ ನೋಡಿ," ಎಂದಳು.